ನಾಲಗೆ ಅರಿಯದ ಸಿಹಿ

ಹಣ್ಣನ್ನು ಕುರಿತು ಹದಿನೈದು ನಿಮಿಷ ಮಾತನಾಡಬೇಕೆಂದು ಆಕಾಶವಾಣಿಯ ಮಿತ್ರರು ಕೇಳಿದಾಗ, ಅವರ ಮನಸ್ಸಿನಲ್ಲಿ ಇದ್ದದ್ದು ನಮ್ಮ ಕಾವ್ಯಗಳ ಚೂತವನವೋ ಕೋಗಿಲೆಯೋ ವಸಂತವರ್ಣನೆಯ ಯಾವುದಾದರೊಂದು ಭಾಗವೋ ಆಗಿದ್ದಿರಬೇಕು. ಮೂವತ್ತು ವರ್ಷಕ್ಕೂ ಮಿಕ್ಕಿ ಕನ್ನಡ ಪಾಠ ಹೇಳಿದವನಿಂದ ಅದಕ್ಕಿಂತ ಬೇರೆಯದನ್ನು ನಿರೀಕ್ಷಿಸುವವರು ಯಾರು? ಆದರೆ ಮಾವಿನ ಚಿಗುರನ್ನು ಮೆದ್ದ ಕೋಗಿಲೆಗೆ ಇಲ್ಲದ ತೊಡಕೊಂದು ನನಗೆ ಇದೆ. 2018ರಲ್ಲಿ, ನಾನು ಕೆಲಸದಿಂದ ನಿವೃತ್ತನಾದ ಮೂರು ತಿಂಗಳಿಗೆ, ರಕ್ತಪರೀಕ್ಷೆಯ ಕಾಗದವನ್ನು ಮುಂದಿಟ್ಟುಕೊಂಡು ವೈದ್ಯರು ನನ್ನನ್ನು ಮಧುಮೇಹಿಗಳ ಪಂಗಡಕ್ಕೆ ಸೇರಿಸಿದರು. ಅಂದಿನಿಂದ ಹಣ್ಣಿನಂಗಡಿಯ ಮುಂದೆ ನಿಂತಾಗ ನನಗೆ ಕಾವ್ಯ ನೆನಪಾಗುವುದಿಲ್ಲ, ಲೆಕ್ಕ ನೆನಪಾಗುತ್ತದೆ. ಆ ಲೆಕ್ಕವನ್ನೇ ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ. ನಾನು ವೈದ್ಯನಲ್ಲ ಎಂಬುದನ್ನು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ರೋಗಿ ಮಾತ್ರ ಹೌದು. ಆ ಅಧಿಕಾರದಿಂದ ಎಷ್ಟು ಹೇಳಬಹುದೋ ಅಷ್ಟನ್ನೇ ಹೇಳುತ್ತೇನೆ.

ಈ ರೋಗ ಇಂದು ಯಾರ ಮನೆಯ ಬಾಗಿಲನ್ನೂ ತಟ್ಟದೆ ಬಿಟ್ಟಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ, ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ಹತ್ತು ಕೋಟಿಗೂ ಮಿಗಿಲೆಂದು ಅಂದಾಜು ಮಾಡಿತು. ಇಷ್ಟು ಜನರ ರೋಗಕ್ಕೆ ನಾವು ಇಟ್ಟುಕೊಂಡಿರುವ ಹೆಸರುಗಳನ್ನು ನೋಡಿ. ಮಧುಮೇಹ, ಸಿಹಿಮೂತ್ರ ರೋಗ, ಸಕ್ಕರೆ ಕಾಯಿಲೆ. ಎಲ್ಲದರಲ್ಲಿಯೂ ಸಿಹಿ ಇದೆ. ಭಾಷೆಯ ವಿದ್ಯಾರ್ಥಿಯಾದ ನನಗೆ ಈ ಹೆಸರುಗಳ ಮೇಲೆ ಒಂದು ದೂರು ಉಂಟು. ಪ್ರಾಚೀನ ವೈದ್ಯರು ಮೂತ್ರಕ್ಕೆ ಇರುವೆ ಮುತ್ತುವುದನ್ನು ಕಂಡು ಇಟ್ಟ ಹೆಸರು ರೋಗದ ಲಕ್ಷಣವನ್ನೇನೋ ಸರಿಯಾಗಿಯೇ ಹೇಳುತ್ತದೆ. ಆದರೆ ಕೇಳಿದವನು ಅದನ್ನೇ ರೋಗದ ಕಾರಣವೆಂದು ತಿಳಿಯುತ್ತಾನೆ. ನಾಲಗೆಗೆ ಸಿಹಿಯಾದದ್ದು ಶತ್ರು, ಸಪ್ಪೆಯಾದದ್ದು ಮಿತ್ರ ಎಂಬ ತೀರ್ಮಾನಕ್ಕೆ ಬಂದುಬಿಡುತ್ತಾನೆ. ಅನ್ನ ಸಿಹಿಯಲ್ಲ, ಇಡ್ಲಿ ಸಿಹಿಯಲ್ಲ, ಮುದ್ದೆ ಸಿಹಿಯಲ್ಲ. ಆದ್ದರಿಂದ ಅವುಗಳ ಮೇಲೆ ಸಂಶಯವೇ ಹುಟ್ಟುವುದಿಲ್ಲ. ಮಾವಿನ ಹಣ್ಣು ಸಿಹಿ; ಅದು ಕಟಕಟೆಯಲ್ಲಿ ನಿಲ್ಲುತ್ತದೆ.

ಈ ಮಾತನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ. ನಮ್ಮದು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಸೀಮೆ. ಮಾವಿಗೇ ಹೆಸರಾದ ನೆಲ. ನನಗಿಂತ ಹನ್ನೆರಡು ವರ್ಷ ದೊಡ್ಡವರಾದ ನನ್ನ ಅಣ್ಣಯ್ಯ ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದರು. ಮನೆಯ ಹಿತ್ತಲಲ್ಲಿ ಒಂದು ರಸಪುರಿಯ ಗಿಡವನ್ನು ತಾವೇ ನೆಟ್ಟು, ಬೇಸಗೆಯಲ್ಲಿ ತಾವೇ ನೀರು ಹೊತ್ತು ಬೆಳೆಸಿದ್ದರು. 1997ರಲ್ಲಿ ಅವರಿಗೆ ಮಧುಮೇಹವೆಂದು ತಿಳಿಯಿತು. ಆಗ ವೈದ್ಯರೊಬ್ಬರು ಅಚ್ಚು ಹಾಕಿಸಿದ್ದ ಒಂದು ಚೀಟಿಯನ್ನು ಅವರ ಕೈಗೆ ಕೊಟ್ಟರು. ಆ ಚೀಟಿಯನ್ನು ನಾನು ಎಷ್ಟು ಸಲ ಓದಿದ್ದೇನೆಂದರೆ, ಈಗಲೂ ಕಣ್ಣು ಮುಚ್ಚಿದರೆ ಅದರ ಅಕ್ಷರಗಳು ಕಾಣುತ್ತವೆ. ‘ನಿಷಿದ್ಧ’ ಎಂಬ ತಲೆಬರಹದ ಕೆಳಗೆ ಸಕ್ಕರೆ, ಬೆಲ್ಲ, ಜೇನು, ಮಾವು, ಬಾಳೆ, ಹಲಸು, ದ್ರಾಕ್ಷಿ, ಸಪೋಟ, ಸೀತಾಫಲ. ‘ಮಿತವಾಗಿ’ ಎಂಬ ತಲೆಬರಹದ ಕೆಳಗೆ ಅನ್ನ, ಗೋಧಿ, ರಾಗಿ.

ಅಣ್ಣಯ್ಯ ಶಿಸ್ತಿನ ಮನುಷ್ಯರು. ‘ನಿಷಿದ್ಧ’ ಎಂದರೆ ಅವರಿಗೆ ನಿಷಿದ್ಧವೇ. ಹನ್ನೆರಡು ವರ್ಷ ಹಿತ್ತಲಿನ ಮರದ ಒಂದು ಹೋಳನ್ನೂ ಅವರು ಬಾಯಿಗಿಡಲಿಲ್ಲ. ಆದರೆ ‘ಮಿತ’ ಎಂಬ ಪದಕ್ಕೆ ನಮ್ಮ ಮನೆಯಲ್ಲಿ ನಡೆದ ವ್ಯಾಖ್ಯಾನ ಏನೆಂದು ಕೇಳುತ್ತೀರಿ? ಮೊದಲು ಸಾರಿಗೆ ಅನ್ನ, ಆಮೇಲೆ ಹುಳಿಗೆ ಅನ್ನ, ಕೊನೆಗೆ ಮಜ್ಜಿಗೆಗೆ ಅನ್ನ. ಮೊದಲು ನಾಲ್ಕನೆಯ ಸಲವೂ ಬಡಿಸುತ್ತಿದ್ದರು. ಅದನ್ನು ಬಿಟ್ಟದ್ದೇ ಮಿತ. ರಾತ್ರಿ ಮುದ್ದೆ. ರಾಗಿ ಸಕ್ಕರೆಯನ್ನು ಏರಿಸುವುದಿಲ್ಲವೆಂಬ ನಂಬಿಕೆ ನಮ್ಮ ಸೀಮೆಯಲ್ಲಿ ವೇದವಾಕ್ಯ. ನಿಷೇಧವನ್ನು ಪಾಲಿಸುವುದಕ್ಕೆ ಛಲವೊಂದಿದ್ದರೆ ಸಾಕು. ಮಿತವನ್ನು ಪಾಲಿಸುವುದಕ್ಕೆ ಅಳತೆ ಬೇಕು, ಆ ಅಳತೆಯನ್ನು ಚೀಟಿ ಹೇಳಿರಲಿಲ್ಲ.

2009ರ ಮೇ ತಿಂಗಳಲ್ಲಿ ನಾನು ಊರಿಗೆ ಹೋದಾಗ ಅವರು ಬಹಳ ಇಳಿದುಹೋಗಿದ್ದರು. ಆ ವರ್ಷ ಮರ ತುಂಬ ಬಿಟ್ಟಿತ್ತು. ನಡುಮನೆಯಲ್ಲಿ ಹುಲ್ಲು ಹಾಸಿ ಹಣ್ಣಿಗೆ ಹಾಕಿದ್ದರು. ಮನೆಯೆಲ್ಲ ಆ ವಾಸನೆ. ಮಧ್ಯಾಹ್ನದ ಊಟಕ್ಕೆ ಕುಳಿತಾಗ ಅಣ್ಣಯ್ಯ ಅತ್ತಿಗೆಯ ಮುಖ ನೋಡಿ, “ಒಂದು ಹೋಳು ಕೊಡೇ” ಎಂದರು. ಅತ್ತಿಗೆ ನನ್ನ ಮುಖ ನೋಡಿದರು, ಓದಿದವನಲ್ಲವೇ ನಾನು? “ಬೇಡ ಅಣ್ಣಯ್ಯ, ಇಷ್ಟು ವರ್ಷ ಪಥ್ಯ ಮಾಡಿದ್ದೀರಿ, ಈಗ ಕೆಡಿಸಿಕೊಳ್ಳಬೇಡಿ” ಎಂದೆ. ಅವರು ಮರುಮಾತಾಡದೆ ಮಜ್ಜಿಗೆಗೆ ಅನ್ನ ಹಾಕಿಸಿಕೊಂಡರು. ಜೂನ್ ತಿಂಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಅರುವತ್ಮೂರು. ನನಗೀಗ ಅರುವತ್ತೇಳು.

ಆ ದಿನ ನನಗೆ ತಿಳಿದಿರದ ಲೆಕ್ಕ ಇಷ್ಟು. ನಾವು ತಿನ್ನುವ ಆಹಾರದಲ್ಲಿ ರಕ್ತದ ಗ್ಲೂಕೋಸನ್ನು ಏರಿಸುವುದು ಮುಖ್ಯವಾಗಿ ಶರ್ಕರಪಿಷ್ಟ. ಅದು ಸಕ್ಕರೆಯ ರೂಪದಲ್ಲಿರಬಹುದು, ಪಿಷ್ಟದ ರೂಪದಲ್ಲಿರಬಹುದು. ಪಿಷ್ಟವೆಂದರೆ ಗ್ಲೂಕೋಸಿನ ಉದ್ದನೆಯ ಸರಪಳಿ. ಉದ್ದವಾಗಿರುವಾಗ ನಾಲಗೆಗೆ ಸಿಹಿ ಗೊತ್ತಾಗುವುದಿಲ್ಲ. ಹೊಟ್ಟೆಗಿಳಿದು ಕೊಂಡಿಗಳು ಕಳಚಿದ ಮೇಲೆ ರಕ್ತಕ್ಕೆ ಗೊತ್ತಾಗುತ್ತದೆ. ಬೇಯಿಸಿದ ಬಿಳಿ ಅನ್ನದ 100 ಗ್ರಾಮಿನಲ್ಲಿ ಸುಮಾರು 28 ಗ್ರಾಂ ಶರ್ಕರಪಿಷ್ಟವಿದೆ. 100 ಗ್ರಾಂ ಮಾವಿನ ಹಣ್ಣಿನಲ್ಲಿ ಇರುವುದು ಸುಮಾರು 15 ಗ್ರಾಂ. ಮೂರು ಸಲ ಬಡಿಸಿಕೊಂಡ ಅನ್ನ 350 ಗ್ರಾಂ ಎಂದಿಟ್ಟುಕೊಳ್ಳಿ. ಅದು ಒಟ್ಟಿಗೆ ನೂರು ಗ್ರಾಮಿನ ಹತ್ತಿರಕ್ಕೆ ಹೋಗುತ್ತದೆ. ಅಂದು ಅಣ್ಣಯ್ಯ ಕೇಳಿದ ಹೋಳು ಹೆಚ್ಚೆಂದರೆ 50 ಗ್ರಾಂ ತೂಗಿದ್ದೀತು. ಎರಡು ತುತ್ತು ಅನ್ನವನ್ನು ಬಿಟ್ಟಿದ್ದರೆ ಆ ಹೋಳಿಗೆ ಎಲೆಯಲ್ಲಿ ಜಾಗವಿತ್ತು. ಹೀಗೆಂದ ಮಾತ್ರಕ್ಕೆ ಮಾವು ಔಷಧವೆಂದು ಯಾರೂ ತಿಳಿಯಬಾರದು. ಮೂರು ಸಲದ ಅನ್ನದ ಮೇಲೆ ಎರಡು ಹಣ್ಣು ತಿಂದವನನ್ನು ಯಾವ ಲೆಕ್ಕವೂ ಉಳಿಸದು.

ಹಾಗಾದರೆ ಹಣ್ಣುಗಳಲ್ಲಿ ಆಯ್ಕೆಯೇ ಇಲ್ಲವೇ? ಇದೆ. ಟೊರಾಂಟೊ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1981ರಲ್ಲಿ ಒಂದು ಅಳತೆಗೋಲನ್ನು ಪ್ರಕಟಿಸಿದರು. 1921ರಲ್ಲಿ ಇನ್ಸುಲಿನ್ ಕೈಗೆ ಸಿಕ್ಕಿದ್ದೂ ಅದೇ ಊರಿನಲ್ಲಿ. ಶುದ್ಧ ಗ್ಲೂಕೋಸನ್ನು ನೂರೆಂದು ಇಟ್ಟುಕೊಂಡು, ಅಷ್ಟೇ ಶರ್ಕರಪಿಷ್ಟವಿರುವ ಬೇರೆ ಆಹಾರ ರಕ್ತದ ಸಕ್ಕರೆಯನ್ನು ಎಷ್ಟರಮಟ್ಟಿಗೆ ಏರಿಸುತ್ತದೆಂದು ಹೇಳುವ ಈ ಅಂಕಿಗೆ ಗ್ಲೈಸೀಮಿಕ್ ಸೂಚ್ಯಂಕವೆಂದು ಹೆಸರು. ಸೇಬು ನಲವತ್ತರ ಒಳಗೆ, ಮಾವು ಐವತ್ತರ ಆಸುಪಾಸು, ಕಲ್ಲಂಗಡಿ ಎಪ್ಪತ್ತರ ಮೇಲೆ. ಇದನ್ನು ಓದಿದ ನನ್ನ ಗೆಳೆಯರೊಬ್ಬರು ಕಲ್ಲಂಗಡಿಯನ್ನು ವಿಷವೆಂದು ಸಾರಿ, ಅದರ ಬದಲು ದಿನಕ್ಕೆ ಮೂರು ಸೇಬು ತಿನ್ನತೊಡಗಿದರು. ಅಂಕಿಯನ್ನು ನಂಬಿ ಪ್ರಮಾಣವನ್ನು ಮರೆತದ್ದು ಅವರ ತಪ್ಪು. ಕಲ್ಲಂಗಡಿಯಲ್ಲಿ ಬಹುಪಾಲು ನೀರು. 100 ಗ್ರಾಮಿಗೆ ಶರ್ಕರಪಿಷ್ಟ ಏಳೂವರೆ ಗ್ರಾಂ ಮಾತ್ರ. ಸೇಬಿನಲ್ಲಿ 14. ಒಂದು ಸಣ್ಣ ಹೋಳು ಕಲ್ಲಂಗಡಿ ಯಾರನ್ನೂ ಕೆಡಿಸದು. ಬೇಸಗೆಯಲ್ಲಿ ರಸ್ತೆ ಬದಿಯಲ್ಲಿ ನಿಂತು ತಟ್ಟೆ ತಟ್ಟೆ ಮುಗಿಸಿದರೆ ಮಾತು ಬೇರೆ. ಈ ಕೊರತೆಯನ್ನು ತುಂಬುವುದಕ್ಕೆಂದೇ 1997ರಲ್ಲಿ ಹಾರ್ವರ್ಡಿನ ವಿದ್ವಾಂಸರು ಪ್ರಮಾಣವನ್ನೂ ಸೇರಿಸಿ ಲೆಕ್ಕ ಹಾಕುವ ‘ಗ್ಲೈಸೀಮಿಕ್ ಹೊರೆ’ ಎಂಬ ಕಲ್ಪನೆಯನ್ನು ತಂದರು. ಅಣ್ಣಯ್ಯನ ಕೈಗೆ ಚೀಟಿ ಬಂದದ್ದೂ ಅದೇ ವರ್ಷ.

ಆದರೆ ಕೇಳುಗರೇ, ಹಣ್ಣನ್ನು ಆರಿಸುವ ವಿದ್ಯೆಗೆ ಬೇಕಾದ ಇನ್ನೊಂದು ಅಳತೆಗೋಲು ನಮ್ಮ ಭಾಷೆಯಲ್ಲಿಯೇ ಇದೆ ಎಂಬುದು ನನಗೆ ಹೊಳೆದದ್ದು ತಡವಾಗಿ. ಮರದಲ್ಲಿ ಮೊದಲು ಮಿಡಿ ಅಥವಾ ಹೀಚು, ಬಲಿತರೆ ಕಾಯಿ, ಹಣ್ಣಾಗುವ ಅಂಚಿನಲ್ಲಿ ದೋರೆ, ಆಮೇಲೆ ಹಣ್ಣು, ಮೀರಿದರೆ ಕಳಿತ ಹಣ್ಣು. ಹಳಗನ್ನಡದ ‘ಪಣ್’ ಇಂದಿನ ‘ಹಣ್ಣು’ ಆಗುವುದರೊಳಗೆ ಎಷ್ಟೋ ಶತಮಾನ ಕಳೆದವು. ಕಾಯಿ ಹಣ್ಣಾಗಲು ನಾಲ್ಕು ದಿನ ಸಾಕು. ಆ ನಾಲ್ಕು ದಿನಗಳಲ್ಲಿ ಒಳಗೆ ನಡೆಯುವುದು ಏನು? ಬಾಳೆಯಂಥ ಹಣ್ಣಿನಲ್ಲಿ ಪಿಷ್ಟವೆಲ್ಲ ಒಡೆದು ಸಕ್ಕರೆಯಾಗುತ್ತದೆ. ಹಸಿರು ಬಾಳೆಯ ಪಿಷ್ಟದಲ್ಲಿ ಒಂದು ಪಾಲು ಸಣ್ಣ ಕರುಳಿನಲ್ಲಿ ಜೀರ್ಣವಾಗದೆಯೇ ದಾಟಿಹೋಗುತ್ತದೆ. ಕಪ್ಪು ಚುಕ್ಕೆ ಬಿದ್ದು ಕಳಿತ ಬಾಳೆ ಬಹುಬೇಗ ರಕ್ತಕ್ಕೆ ಸೇರುತ್ತದೆ. ಹಣ್ಣು ಒಂದೇ, ಗೊನೆ ಒಂದೇ. ಸೋಮವಾರ ಕೊಂಡದ್ದನ್ನು ಮಂಗಳವಾರ ತಿನ್ನುತ್ತೀರೋ ಶನಿವಾರ ತಿನ್ನುತ್ತೀರೋ ಎಂಬುದರ ಮೇಲೆ ಪರಿಣಾಮ ಬೇರೆ. ದೋರೆಯ ಹಂತವೇ ನಮ್ಮಂಥವರ ಹಂತ. ಈ ಪದವನ್ನು ನಗರದ ಮಕ್ಕಳು ಮರೆತಿದ್ದಾರೆ. ಮಧುಮೇಹದ ದೆಸೆಯಿಂದಲಾದರೂ ಅದು ಮರಳಿ ಬಳಕೆಗೆ ಬಂದರೆ ನನಗೆ ಸಂತೋಷ.

ಗಾತ್ರವನ್ನೂ ನೋಡಬೇಕು. ಒಂದು ಏಲಕ್ಕಿ ಬಾಳೆಯಲ್ಲಿ ಹನ್ನೊಂದು ಹನ್ನೆರಡು ಗ್ರಾಂ ಶರ್ಕರಪಿಷ್ಟವಿದ್ದರೆ, ದೊಡ್ಡ ಪಚ್ಚಬಾಳೆಯಲ್ಲಿ ಅದರ ಎರಡರಷ್ಟಕ್ಕೂ ಮೇಲೆ. ಮೈಸೂರಿನವರಿಗೆ ನಂಜನಗೂಡಿನ ರಸಬಾಳೆ ಎಂದರೆ ಅಭಿಮಾನ, ನನಗೂ ಇದೆ. ಅಭಿಮಾನಕ್ಕೆ ಅರ್ಧ ಹಣ್ಣು ಸಾಕೆಂದು ನಿಶ್ಚಯಿಸಿಕೊಂಡಿದ್ದೇನೆ.

ದೇವರಾಜ ಮಾರುಕಟ್ಟೆಯಲ್ಲಿ ನಾನು ಹಣ್ಣು ಕೊಳ್ಳುವುದು ವಯಸ್ಸಾದ ಒಬ್ಬ ಹೆಂಗಸಿನ ಹತ್ತಿರ. ನನ್ನ ರೋಗ ಆಕೆಗೆ ಗೊತ್ತು. ನಾನು ಸಪೋಟದ ರಾಶಿಯ ಕಡೆ ಕಣ್ಣು ಹಾಯಿಸಿದರೆ, “ಮೇಷ್ಟ್ರೇ, ಅದು ನಿಮಗಲ್ಲ, ಇಲ್ಲಿ ನೋಡಿ” ಎಂದು ಸೀಬೆಯ ಬುಟ್ಟಿಯನ್ನು ಮುಂದೆ ತಳ್ಳುತ್ತಾಳೆ. ಆಕೆ ಹೇಳುವುದು ಸರಿ. ಸಪೋಟದಲ್ಲಿ 100 ಗ್ರಾಮಿಗೆ 20 ಗ್ರಾಂ ಶರ್ಕರಪಿಷ್ಟ. ಹಲಸು, ಸೀತಾಫಲಗಳಲ್ಲಿ ಅದಕ್ಕಿಂತ ಹೆಚ್ಚು. ಸೀಬೆಯಲ್ಲಿ 14, ಅದರಲ್ಲಿಯೂ 5 ಗ್ರಾಮಿನಷ್ಟು ನಾರು. ನಾರು ಗ್ಲೂಕೋಸ್ ಆಗುವುದಿಲ್ಲ. ಬದಲಿಗೆ ಉಳಿದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ತಗ್ಗಿಸುತ್ತದೆ. ನಾವು ಸೀಬೆ ಎನ್ನುತ್ತೇವೆ, ಕೆಲವರು ಚೇಪೆ ಎನ್ನುತ್ತಾರೆ, ಉತ್ತರದ ಕಡೆ ಪೇರಲ ಎನ್ನುತ್ತಾರೆ. ಇಷ್ಟು ಹೆಸರು ಪಡೆದು ನಮ್ಮದೇ ಆಗಿಬಿಟ್ಟ ಈ ಹಣ್ಣು ಅಮೆರಿಕ ಖಂಡದಿಂದ ಬಂದದ್ದು. ಪರಂಗಿ ಹಣ್ಣು ತನ್ನ ಪರದೇಶೀಯತೆಯನ್ನು ಹೆಸರಿನಲ್ಲಿಯೇ ಹೊತ್ತುಕೊಂಡಿದೆ. ಅದೂ ನಮಗೆ ಆಗುವ ಹಣ್ಣೇ: 100 ಗ್ರಾಮಿಗೆ 11. ಅದರ ಮೇಲೆ ಸಕ್ಕರೆ ಉದುರಿಸಿಕೊಂಡು ತಿನ್ನುವವರನ್ನು ಕಂಡಿದ್ದೇನೆ. ಅವರಿಗೆ ಹೇಳುವುದೇನೂ ಇಲ್ಲ.

ದೇವನಹಳ್ಳಿಯ ಚಕ್ಕೋತವನ್ನು ಮರೆಯುವಂತಿಲ್ಲ. ನೂರು ಗ್ರಾಮಿಗೆ ಹತ್ತು ಗ್ರಾಮಿನ ಒಳಗೆ. ಸುಲಿಯುವುದಕ್ಕೇ ಕಾಲು ಗಂಟೆ ಹಿಡಿಯುವುದರಿಂದ ಯಾರೂ ಅತಿಯಾಗಿ ತಿನ್ನಲಾರರು. ಅದರ ಹತ್ತಿರದ ಬಂಧುವಾದ ಗ್ರೇಪ್‌ಫ್ರೂಟ್ ಕೊಲೆಸ್ಟರಾಲಿನ ಕೆಲವು ಮಾತ್ರೆಗಳೊಡನೆ ಹೊಂದುವುದಿಲ್ಲವಾದ್ದರಿಂದ, ಅಂಥ ಮಾತ್ರೆ ನುಂಗುವವರು ಚಕ್ಕೋತದ ವಿಷಯದಲ್ಲಿಯೂ ವೈದ್ಯರನ್ನು ಒಂದು ಮಾತು ಕೇಳುವುದು ಒಳ್ಳೆಯದು. ಕಿತ್ತಳೆ, ಮೋಸಂಬಿ, ದಿನಕ್ಕೊಂದು, ತೊಳೆಗಳ ನಾರಿನ ಸಮೇತ. ಕೊಡಗಿನ ಕಡೆಯಿಂದ ಬರುವ ಬೆಣ್ಣೆಹಣ್ಣಿನಲ್ಲಿ ಶರ್ಕರಪಿಷ್ಟ ಎಂಟೂವರೆ ಗ್ರಾಂ, ಅದರಲ್ಲಿ ಆರೂವರೆಗೂ ಮೇಲೆ ನಾರೇ. ಸಕ್ಕರೆಯ ದೃಷ್ಟಿಯಿಂದ ಇದಕ್ಕಿಂತ ಸಾಧು ಹಣ್ಣು ಇನ್ನೊಂದಿಲ್ಲ. ಕೊಬ್ಬು ಮಾತ್ರ ಸಾಕಷ್ಟಿದೆ. ಇಂಥ ಸಾಧುವನ್ನು ಹಾಲು ಸಕ್ಕರೆಗಳೊಡನೆ ಅರೆದು ಲೋಟಕ್ಕೆ ತುಂಬಿ ಕುಡಿಯುವುದು ನಮ್ಮ ನಗರಗಳ ಪದ್ಧತಿ. ಇನ್ನು ನೆಲ್ಲಿ, ಅದನ್ನು ನಾವು ಎಂದೂ ಹಣ್ಣೆನ್ನಲಿಲ್ಲ, ನೆಲ್ಲಿಕಾಯಿ ಎಂದೇ ಕರೆದೆವು. ಟೊಮೇಟೊ ಮಾತ್ರ ನಮ್ಮ ಬಾಯಲ್ಲಿ ‘ಟೊಮೇಟೊ ಹಣ್ಣು’. 1893ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಸುಂಕದ ವ್ಯಾಜ್ಯವೊಂದರಲ್ಲಿ ಟೊಮೇಟೊ ತರಕಾರಿ ಎಂದು ತೀರ್ಪು ಕೊಟ್ಟಿತು. ಸಸ್ಯಶಾಸ್ತ್ರಜ್ಞರು ಮತ್ತು ಕನ್ನಡಿಗರು ಅದನ್ನು ಒಪ್ಪಲಿಲ್ಲ.

ನೇರಳೆಯ ವಿಷಯದಲ್ಲಿ ಎರಡು ಮಾತು ಹೇಳಲೇಬೇಕು. ಆಷಾಢದ ಹೊತ್ತಿಗೆ ಬರುವ ಈ ಹಣ್ಣು ಮಧುಮೇಹಕ್ಕೆ ಮದ್ದೆಂದು ಊರೆಲ್ಲ ಹೇಳುತ್ತದೆ. ಹಣ್ಣು ಒಳ್ಳೆಯದೇ, ಹಿಡಿಯಷ್ಟು ತಿಂದು ನಾಲಗೆ ನೀಲಿ ಮಾಡಿಕೊಳ್ಳುವುದರಲ್ಲಿ ದೋಷವಿಲ್ಲ. ಆದರೆ ಬೀಜದ ಪುಡಿಯನ್ನು ನಂಬಿ ಮಾತ್ರೆಯನ್ನೋ ಇನ್ಸುಲಿನ್ನನ್ನೋ ನಿಲ್ಲಿಸುವುದು ಅಪಾಯ. ಹಾಗೆ ನಿಲ್ಲಿಸಿದವರೊಬ್ಬರನ್ನು ನಮ್ಮ ಬೀದಿಯಲ್ಲಿಯೇ ಆಸ್ಪತ್ರೆಗೆ ಹೊತ್ತೊಯ್ದದ್ದನ್ನು ನೋಡಿದ್ದೇನೆ.

ಹಣ್ಣಿನ ರಸ ಹಣ್ಣಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಮೂರು ನಾಲ್ಕು ಕಿತ್ತಳೆ ಹಿಂಡಿದರೆ ಒಂದು ದೊಡ್ಡ ಲೋಟ. ಅದರಲ್ಲಿ 26 ಗ್ರಾಮಿನಷ್ಟು ಶರ್ಕರಪಿಷ್ಟ ಉಳಿಯುತ್ತದೆ, ನಾರು ಜರಡಿಯಲ್ಲಿ ಉಳಿಯುತ್ತದೆ. ನಾಲ್ಕು ಕಿತ್ತಳೆಯನ್ನು ಕುಳಿತು ಅಗಿಯುವವನು ಎರಡನೆಯದಕ್ಕೇ ಸಾಕೆನ್ನುತ್ತಾನೆ. ಕುಡಿಯುವವನು ಒಂದೇ ನಿಮಿಷದಲ್ಲಿ ಮುಗಿಸಿ ಬಾಯಿ ಒರೆಸಿಕೊಳ್ಳುತ್ತಾನೆ. “ಸಕ್ಕರೆ ಹಾಕಬೇಡಪ್ಪ” ಎಂದು ಅಂಗಡಿಯವನಿಗೆ ಹೇಳಿ ಸಮಾಧಾನಪಟ್ಟುಕೊಳ್ಳುವ ನಮ್ಮ ಓರಗೆಯವರನ್ನು ಕಂಡಾಗ ನನಗೆ ನಗುವೂ ಮರುಕವೂ ಬರುತ್ತವೆ. 2013ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಬಂದ ದೊಡ್ಡ ಅಧ್ಯಯನವೊಂದು, ದ್ರಾಕ್ಷಿ, ಸೇಬು ಮುಂತಾದ ಹಣ್ಣುಗಳನ್ನು ಇಡಿಯಾಗಿ ತಿನ್ನುವವರಲ್ಲಿ ಮಧುಮೇಹ ಬರುವ ಸಂಭವ ಕಡಿಮೆಯೆಂದೂ, ಹಣ್ಣಿನ ರಸ ಹೆಚ್ಚು ಕುಡಿಯುವವರಲ್ಲಿ ಅದು ಹೆಚ್ಚೆಂದೂ ಕಂಡುಕೊಂಡಿತು. ಒಣಹಣ್ಣಿನ ಕಥೆಯೂ ಹೀಗೆಯೇ: ದ್ರಾಕ್ಷಿಯಲ್ಲಿ 18 ಗ್ರಾಂ ಇದ್ದದ್ದು ನೀರಾರಿ ಒಣದ್ರಾಕ್ಷಿಯಾದಾಗ 79. ಖರ್ಜೂರವೂ ಅದರ ಹತ್ತಿರ.

ಆದರೆ ಇದೇ ರಸ ಪ್ರಾಣ ಉಳಿಸುವ ಸಂದರ್ಭವೂ ಉಂಟು. ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳಿಂದ ರಕ್ತದ ಸಕ್ಕರೆ ಎಪ್ಪತ್ತಕ್ಕಿಂತ ಕೆಳಗಿಳಿದು ಕೈ ನಡುಗಿ ಬೆವರು ಬಂದಾಗ, ಬೇಕಾದದ್ದು ಸೀಬೆಯಲ್ಲ, ಬೆಣ್ಣೆಹಣ್ಣಂತೂ ಅಲ್ಲವೇ ಅಲ್ಲ. ಅರ್ಧ ಲೋಟ ಹಣ್ಣಿನ ರಸ ಅಥವಾ ಮೂರು ಚಮಚ ಸಕ್ಕರೆಯ ನೀರು ಕೂಡಲೇ ಬೇಕು. ಮೂತ್ರಪಿಂಡ ಸೋತವರಿಗೆ ಹಣ್ಣಿನ ಲೆಕ್ಕವೇ ಬೇರೆ. ಅಲ್ಲಿ ಪೊಟ್ಯಾಸಿಯಂ ನೋಡಬೇಕು, ಧಾರೆಹುಳಿ ಅಥವಾ ಕಮರಾಕ್ಷಿ ಎನ್ನುವ ಹಣ್ಣನ್ನು ಅವರು ಮುಟ್ಟಲೇಬಾರದು.

‘ಹಸಿದು ಹಲಸು, ಉಂಡು ಮಾವು’ ಎಂಬುದು ಹಿರಿಯರ ಗಾದೆ. ಗದ್ದೆಯಲ್ಲಿ ದುಡಿದು ಬಂದವರು ಕಟ್ಟಿದ ಗಾದೆ ಅದು. ಹೋಳಿಗೆಯೊಡನೆ ಸೀಕರಣೆಯನ್ನು ಸುರಿದುಕೊಂಡು ಉಂಡು, ಮಧ್ಯಾಹ್ನ ಮಲಗಿ ಏಳುವ ನಿವೃತ್ತರಿಗೆ ಅದನ್ನು ಹಾಗೆಯೇ ಅನ್ವಯಿಸುವಂತಿಲ್ಲ. ನಾನು ಅದನ್ನು ಸ್ವಲ್ಪ ತಿದ್ದಿಕೊಂಡಿದ್ದೇನೆ: ಅನ್ನವನ್ನು ಬಿಟ್ಟು ಮಾವು.

ಅದನ್ನು ಕಲಿಸಿದವರು ಈಗ ನನ್ನನ್ನು ನೋಡುವ ವೈದ್ಯರು. ನನ್ನ ಶಿಷ್ಯರ ವಯಸ್ಸಿನವರು. ಚೀಟಿ ಕೊಡಲಿಲ್ಲ. “ಸಾರ್, ಮನೆಯಲ್ಲಿ ಯಂತ್ರವಿದೆಯಲ್ಲ, ತಿಂದು ನೋಡಿ, ಎರಡು ಗಂಟೆ ಬಿಟ್ಟು ಬೆರಳು ಚುಚ್ಚಿ ನೋಡಿ. ನಿಮ್ಮ ದೇಹಕ್ಕೆ ಏನು ಆಗುತ್ತದೆಂದು ಅದೇ ಹೇಳುತ್ತದೆ” ಎಂದರು. ಒಂದೇ ಹಣ್ಣು ಇಬ್ಬರಲ್ಲಿ ಒಂದೇ ರೀತಿ ವರ್ತಿಸುವುದಿಲ್ಲವಂತೆ. ಕಳೆದ ವರ್ಷ ಅತ್ತಿಗೆ ಊರಿನಿಂದ ಬುಟ್ಟಿಯೊಂದನ್ನು ಕಳುಹಿಸಿದ್ದರು, ಹಿತ್ತಲ ಮರದ ರಸಪುರಿ. ವರ್ಷವೂ ಕಳುಹಿಸುತ್ತಾರೆ, ನಾನು ಅಕ್ಕಪಕ್ಕದವರಿಗೆ ಹಂಚುತ್ತಿದ್ದೆ. ಈ ಸಲ ಇನ್ನೂ ದೋರೆ ಬಿಡದ ಒಂದನ್ನು ಆರಿಸಿ, ಅಡಿಗೆಮನೆಯ ತಕ್ಕಡಿಯಲ್ಲಿ ತಿರುಳನ್ನು 100 ಗ್ರಾಂ ತೂಗಿದೆ. ನನ್ನ ಹೆಂಡತಿ ಪೂಜೆಗೆ ಅಣಿಮಾಡುವವಳ ಹಾಗೆ ಮೌನವಾಗಿ ನೋಡುತ್ತಿದ್ದಳು. ಊಟದಲ್ಲಿ ಪಲ್ಯ, ಬೇಳೆ, ಮೊಸರು ಇದ್ದವು. ಅನ್ನದ ಒಂದು ಸೌಟನ್ನು ಬಿಟ್ಟೆ. ಎರಡು ಗಂಟೆಯ ಮೇಲೆ ಬೆರಳು ಚುಚ್ಚಿದೆ. 148. ಎರಡು ಸೌಟು ಅನ್ನ ಉಂಡ ದಿನಗಳಲ್ಲಿ ಬರುತ್ತಿದ್ದದ್ದಕ್ಕಿಂತ ಹೆಚ್ಚೇನೂ ಅಲ್ಲ.

ಸಂಜೆ ಅತ್ತಿಗೆಗೆ ಫೋನು ಮಾಡಿದೆ. ಅವರಿಗೆ ಈಗ ಎಪ್ಪತ್ತೈದು ದಾಟಿದೆ. ಸಕ್ಕರೆ ಕಾಯಿಲೆ ಇಲ್ಲ. ಆದರೆ 1997ರಲ್ಲಿ ಅಣ್ಣಯ್ಯ ಬಿಟ್ಟಾಗ ತಾವೂ ಮಾವು ಬಿಟ್ಟವರು ಇನ್ನೂ ತಿನ್ನುವುದಿಲ್ಲ. ತಿಂದೆನೆಂದು ಹೇಳಿದೆ. ಒಂದು ಕ್ಷಣ ಆ ಕಡೆಯಿಂದ ಮಾತಿಲ್ಲ. “ಎಷ್ಟು ತೋರಿಸಿತು?” ಎಂದು ಕೇಳಿದರು. ಹೇಳಿದೆ. “ಅಷ್ಟೇನಾ?” ಎಂದರು. ಅಷ್ಟೇ ಎಂದೆ. ಮತ್ತೆ ಸುಮ್ಮನಾದರು. ಆಮೇಲೆ, “ಈ ವರ್ಷದ್ದು ಸಿಹಿಯಾಗಿದೆಯೇ?” ಎಂದು ಕೇಳಿದರು.

ಸ್ವಲ್ಪ ಹುಳಿ ಇನ್ನೂ ಉಳಿದಿತ್ತು ಎಂದೆ. “ಅವರಿಗೂ ಹಾಗೇ ಇಷ್ಟ” ಎಂದು ಅತ್ತಿಗೆ ಫೋನು ಇಟ್ಟರು.